ಬೆಳಗಿನ ಗಾಡಿಗೆ ಹಾಕಿದ ಚೀಲ

ಅಮೀರ್‌ಬೀಗೆ ಹುಚ್ಚುನಾಯಿ ಕಚ್ಚಿದ ಸುದ್ದಿಯನ್ನು ಮಶಾಕನಿಗೆ ತಂದವನು ಗಾರ್ಡ್ ನಾಮದೇವ. ಪಾಪ, ಆಕೆ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಸೇಡಂ ಕಡೆಯಿಂದ ಬಂದ ಪ್ಯಾಸೆಂಜರಿನ ಹಿಂದಿನ ಡಬ್ಬಿಯಿಂದ ಇಳಿದವನು ವಾಡಿ ಸ್ಟೇಶನ್ನಿನ ಬೇವಿನ ಮರದ ನೆರಳಿಗೆ ನಿಂತು, ಬೀಡಿ ಹಚ್ಚುತ್ತ, ಯಾರದೋ ಊರಿನ ಯಾರದೋ ಮಾತು ಹೇಳಿದ ಹಾಗೆ ಹೇಳಿದ.

"ಹೊನ್ನಗಟ್ಟ್ಯಾಗ ಒಬ್ಬಾಕಿ ಬಳೆಗಾರ್ತಿ ಅದಾಳಲ್ಲೋ, ಭಾಳ ಗಟ್ಟಿಗಿತ್ತಿ. ಹುಚ್ಚನಾಯಿ ಆಡಿನ ಮರೀಗಿ ಬಾಯಿ ಹಾಕಿತ್ತಂತ. ಈಕಿ ಬಿಡಸ್ಲಿಕ್ಕ ಹೋಗ್ಯಾಳ. ನಾಯಿ ಮರಿ ಬಿಟ್ಟು ಈಕಿ ಗಲ್ಲಕ್ಕೇ ಬಾಯಿ ಹಾಕ್ತು ನೋಡು!"

ಮಶಾಕನ ಹೆಗಲ ಮೇಲಿದ್ದ ಟಪಾಲು ಚೀಲ ಜಾರಿ ನೆಲಕ್ಕೆ ಬಿತ್ತು. ಹೊನ್ನಗಟ್ಟಿಯಲ್ಲಿ ಬಳೆ ಮಾರುವವಳು ಇದ್ದದ್ದು ಒಬ್ಬಳೇ. ಆಕೆ ಅವನ ಅಕ್ಕ.

ಅಕ್ಕ ಅಂದರೆ ಹೆಸರಿಗೆ ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಹಾಲಹಲ್ಲು ಉದುರಿರಲಿಲ್ಲ. ಉಣಿಸಿದವಳು, ತೊಳೆದವಳು, ಸಾಲಿಗೆ ಹೋಗದೆ ಮಾವಿನ ಮರ ಹತ್ತಿ ಕೂತಾಗ ಬೆತ್ತ ಹಿಡಿದು ಇಳಿಸಿದವಳು ಇವಳೇ. ಗಂಡ ತೀರಿಹೋದ ಮೇಲೂ ಯಾರ ಮನೆಯ ಬಾಗಿಲಿಗೂ ಹೋಗಿ ನಿಂತವಳಲ್ಲ. ಬುಟ್ಟಿ ತಲೆಯ ಮೇಲೆ ಹೊತ್ತು, ಹತ್ತಾರು ಹಳ್ಳಿ ತಿರುಗಿ, ಎರಡು ಆಡು ಕಟ್ಟಿಕೊಂಡು ಒಬ್ಬಳೇ ಬದುಕಿದ್ದಳು. ಮಶಾಕ ಅವಳನ್ನು ಆಪಾ ಅನ್ನುತ್ತಿದ್ದ, ಮನಸ್ಸಿನಲ್ಲಿ ಅಮ್ಮಾ ಎಂದೇ ಅಂದುಕೊಳ್ಳುತ್ತಿದ್ದ.

ಸಿಕ್ಕ ಗಾಡಿ ಹತ್ತಿ ಅವನು ಹೊನ್ನಗಟ್ಟಿಗೆ ಹೋದ. ಆಪಾ ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿಕೊಂಡು, ಏನೂ ಆಗದವಳ ಹಾಗೆ ಆಡಿನ ಮರಿಗೆ ಸೊಪ್ಪು ಹಾಕುತ್ತಿದ್ದಳು. ಆದರೆ ಡಾಕ್ಟರ್ ಮಡಿವಾಳಯ್ಯ ಮಶಾಕನನ್ನು ದವಾಖಾನೆಯ ಹಿಂದೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ಕಾಲಿಗಿ ಕಚ್ಚಿದ್ರ ನಾ ಇಷ್ಟು ಅಂಜ್ತಿರ್ಲಿಲ್ಲಪಾ. ಮಾರಿಗಿ ಕಚ್ಚ್ಯಾದ. ವಿಷ ತಲೀಗಿ ಏರ್ಲಿಕ್ಕ ದೂರ ಇಲ್ಲ. ಔಷಧ ಈ ಸುತ್ತಿನ್ಯಾಗ ಎಲ್ಲೂ ಉಳದಿಲ್ಲ, ಈ ಬ್ಯಾಸಿಗ್ಯಾಗ ನಾಯಿ ಕಾಟ ಭಾಳ ಆಗ್ಯಾದ. ಮದ್ರಾಸ ಕಡಿಗಿ ತಾರ ಕೊಟ್ಟೀನಿ, ಟಪಾಲದಾಗ ಬರಬೇಕು. ಬಂದ ಗಳಿಗಿಗಿ ಸೂಜಿ ಸುರು ಮಾಡ್ತೀನಿ."

"ತಡ ಆದ್ರ ಏನ್ರಿ ಸಾಹೇಬ್ರ?"

"ತಡ ಆಗಬಾರದು. ಒಮ್ಮಿ ನೀರು ಕಂಡು ಅಂಜಾಕ ಹತ್ತಿದ್ಳಂದ್ರ ಮುಗೀತು. ಆಮ್ಯಾಲ ಯಾವ ಸೂಜೀನೂ ನಡಿಯಂಗಿಲ್ಲ. ಮೂರು ತಿಂಗಳು ನೀರಿನ ಮ್ಯಾಲ ಕಣ್ಣಿಡು."

ಮಶಾಕ ಅಂದೇ ವಾಡಿಗೆ ತಿರುಗಿ ಬಂದ.

ಅವನು ಟಪಾಲಿನವನೇ. ವಾಡಿ ಸ್ಟೇಶನ್ನಿನ ಟಪಾಲು ಕೋಣೆಯಲ್ಲಿ ಚೀಲ ಹೊರುವ ಪ್ಯೂನ್, ಅದೂ ಇನ್ನೂ ಕಾಯಂ ಆಗಿರಲಿಲ್ಲ. ಟಪಾಲು ಹೇಗೆ ನಡೆಯುತ್ತದೆ ಎಂಬುದು ಅವನಿಗೆ ಅಂಗೈಯ ಗೆರೆಯಷ್ಟು ಗೊತ್ತು. ಮದ್ರಾಸಿನಲ್ಲಿ ಪಾರ್ಸಲ್ ವಿಂಗಡಿಸುವವನಿಗೆ ಹೊನ್ನಗಟ್ಟಿ ಎಲ್ಲಿದೆ ಎಂದು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಈ ಕಡೆಯದು ಎಂದು ನೋಡಿ ವಾಡಿಯ ಚೀಲಕ್ಕೆ ಹಾಕಿದರೆ ಅವನ ಕೆಲಸ ತೀರಿತು. ವಾಡಿಯಲ್ಲಿ ಆ ಚೀಲ ಬಿಚ್ಚಿ, ಇದು ಸೇಡಂ ಲೈನಿನದು, ಇದು ಸೊಲ್ಲಾಪುರದ ಕಡೆಯದು ಎಂದು ಗೂಡುಗೂಡಿಗೆ ಹಾಕಿ, ಮತ್ತೆ ಚೀಲ ಕಟ್ಟಿ, ಅರಗಿನ ಮುದ್ರೆ ಒತ್ತಿ ಮುಂದಿನ ಕೈಗೆ ಕೊಡುತ್ತಾರೆ. ಪ್ರತಿಯೊಬ್ಬನಿಗೂ ತನ್ನ ಮುಂದಿನವನೊಬ್ಬ ಗೊತ್ತು, ಅಷ್ಟೇ. ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದು ಹೆಸರಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಜನ ಲಕೋಟೆಯ ಮೇಲೆ ಹಳೆಯ ಹೆಸರನ್ನೇ ಬರೆಯುತ್ತಿದ್ದರು. ಆದರೂ ಕಾಗದ ಊರು ಮುಟ್ಟುತ್ತಿತ್ತು. ಮುದ್ರೆಯ ಚೀಲ ಟಪಾಲಿನವನ ಕೈಯಿಂದ ಟಪಾಲಿನವನ ಕೈಗೇ ಹೋಗಬೇಕು, ಈಸಿಕೊಂಡವನು ಸಹಿ ಹಾಕಬೇಕು ಎಂಬುದೊಂದು ತಪ್ಪದಿದ್ದರೆ ಸಾಕು.

ಆ ದಿನಗಳಲ್ಲಿ ಮಶಾಕ ಮದ್ರಾಸ್ ಕಡೆಯ ಗಾಡಿಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಗಾಡಿ ಬಂತೆಂದರೆ ಉಳಿದ ಚೀಲ ಬಿಟ್ಟು ಅದರ ಚೀಲಗಳನ್ನೇ ಮೊದಲು ಹೊತ್ತು ತರುವನು. ಹೆಡ್ ಸಾರ್ಟರ್ ಗುರುಲಿಂಗಪ್ಪ ಚೀಲ ಸುರಿಯುವಾಗ ಅವರ ಹೆಗಲ ಮೇಲಿಂದ ಬಗ್ಗಿ ನೋಡುವನು. ಗುರುಲಿಂಗಪ್ಪ ಹಣೆ ತುಂಬ ವಿಭೂತಿ ಹಚ್ಚುವ ಮನುಷ್ಯ, ಮಾತು ಕಡಿಮೆ, ಶಿಸ್ತು ಜಾಸ್ತಿ. ಮುದ್ರೆ ಓರೆಯಾಗಿ ಬಿದ್ದರೂ ಅರಗು ಕಿತ್ತು ಮತ್ತೆ ಒತ್ತಿಸುವ ಆಸಾಮಿ.

ಕೊನೆಗೊಂದು ಬೆಳಿಗ್ಗೆ ಪಾರ್ಸಲ್ ಬಂತು. ಸಣ್ಣ ಮರದ ಪೆಟ್ಟಿಗೆ, ಮೇಲೆ ಗೋಣಿ ಹೊಲಿದು, ಕೆಂಪು ಮಸಿಯಲ್ಲಿ 'ಔಷಧ, ತಂಪಿನಲ್ಲಿ ಇಡಿರಿ' ಎಂದು ಬರೆದಿತ್ತು. ಮಶಾಕ ಅದನ್ನು ಎರಡೂ ಕೈಯಲ್ಲಿ ಹಿಡಿದ. ಒಳಗೆ ಶೀಶೆಗಳು ಮೆಲ್ಲಗೆ ಕಿಣಿಕಿಣಿ ಎಂದವು. ಆಪಾಳ ಜೀವವೇ ತನ್ನ ಕೈಗೆ ಬಂದ ಹಾಗೆ ಅದನ್ನು ಎದೆಗೊತ್ತಿಕೊಂಡು ಗುರುಲಿಂಗಪ್ಪನ ಮುಂದೆ ತಂದಿಟ್ಟ.

ಗುರುಲಿಂಗಪ್ಪ ಪೆಟ್ಟಿಗೆಯನ್ನು ಹೊನ್ನಗಟ್ಟಿಯ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮುದ್ರೆ ಒತ್ತಿದರು. "ಮಧ್ಯಾಹ್ನದ ಮೇಲ್ ಗಾಡೀಗಿ" ಅಂದರು. ಎದ್ದು ಸ್ನಾನಕ್ಕೆ ಹೋದರು.

ಮಧ್ಯಾಹ್ನ! ಮಶಾಕ ಕಿಟಕಿಯಿಂದ ಹೊರಗೆ ನೋಡಿದ. ಸೇಡಂ ಕಡೆ ಹೋಗುವ ಬೆಳಗಿನ ಪ್ಯಾಸೆಂಜರ್ ಎದುರಿಗೇ ನಿಂತು ಹೊಗೆ ಬಿಡುತ್ತಿತ್ತು. ಅದಕ್ಕೆ ಟಪಾಲು ಡಬ್ಬಿ ಇಲ್ಲ ನಿಜ, ಆದರೆ ಗಾರ್ಡಿನ ಡಬ್ಬಿ ಇದೆಯಲ್ಲ? ಇವತ್ತು ಗಾರ್ಡ್ ನಾಮದೇವನೇ. ಮಧ್ಯಾಹ್ನದವರೆಗೆ ಈ ಜೂನ್ ಬಿಸಿಲಿನಲ್ಲಿ ಔಷಧ ತಗಡಿನ ಮಾಡಿನ ಕೆಳಗೆ ಕುದಿಯಬೇಕೇ? ವಿಷ ಅಲ್ಲಿಯವರೆಗೆ ಕಾಯುತ್ತದೆಯೇ? ಅವನು ಹಿಂದೆಮುಂದೆ ನೋಡಲಿಲ್ಲ. ಚೀಲ ಎತ್ತಿಕೊಂಡು ಓಡಿದ.

"ನನ್ನ ನೌಕ್ರಿಗಿ ತರ್ತೀಯೇನಲೇ" ಎಂದ ನಾಮದೇವ.

"ನಿಮ್ಮ ಕಾಲು ಬೀಳ್ತೀನ್ರಿ. ನಮ್ಮ ಆಪಾಂದು ಔಷಧ ಅದ. ಹೊನ್ನಗಟ್ಟ್ಯಾಗ ಇಳಿಸಿಬಿಡ್ರಿ, ಅಷ್ಟೇ."

ಆ ಬಳೆಗಾರ್ತಿ ಮಶಾಕನ ಅಕ್ಕ ಎಂದು ತಿಳಿದ ದಿನದಿಂದ, ಅವತ್ತು ನಗುತ್ತ ಹೇಳಿದ್ದಕ್ಕೆ ನಾಮದೇವನಿಗೆ ತನ್ನ ಮೇಲೆ ತನಗೇ ಬೇಸರವಿತ್ತು. ಸುಮ್ಮನೆ ಚೀಲ ಒಳಗೆ ಎಳೆದುಕೊಂಡ. ಗಾಡಿ ಸೀಟಿ ಹೊಡೆದು ಹೊರಟಿತು. ಮಶಾಕ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದ. ಎಷ್ಟೋ ದಿನದ ಮೇಲೆ ಹಸಿವಾಯಿತು. ಕ್ಯಾಂಟೀನಿಗೆ ಹೋಗಿ ಚಹಾ, ಎರಡು ಖಾರಿ ಬಿಸ್ಕೀಟು ತೆಗೆದುಕೊಂಡು ಕೂತ.

ಖಾರಿ ಚಹಾದಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದಾಗ ಅವನ ಕಣ್ಣ ಮುಂದೆ ಹೊನ್ನಗಟ್ಟಿಯ ಸ್ಟೇಶನ್ ಬಂತು. ಗಾಡಿ ನಿಲ್ಲುತ್ತದೆ. ನಾಮದೇವ ಚೀಲ ಹಿಡಿದು ಬಗ್ಗುತ್ತಾನೆ. ಚೀಲ ಈಸಿಕೊಳ್ಳಲು ಸೂಗಪ್ಪ ಕೈ ಚಾಚುತ್ತಾನೆ...

ಯಾವ ಸೂಗಪ್ಪ? ಹೊನ್ನಗಟ್ಟಿಯ ಟಪಾಲಿನ ಸೂಗಪ್ಪ ಸ್ಟೇಶನ್ನಿಗೆ ಬರುವುದು ಮಧ್ಯಾಹ್ನದ ಮೇಲ್ ಗಾಡಿಗೆ. ಬೆಳಗಿನ ಹೊತ್ತಿನಲ್ಲಿ ಆತ ಹಳ್ಳದಲ್ಲಿ ಎಮ್ಮೆಯ ಮೈ ತೊಳೆಯುತ್ತಿರುತ್ತಾನೆ. ಬೆಳಗಿನ ಗಾಡಿಗೆ ಟಪಾಲು ಬಂದದ್ದನ್ನು ಅವನಪ್ಪನೂ ಕಂಡಿರಲಿಲ್ಲ. ಅಲ್ಲಿ ಕೈ ಚಾಚುವವರೇ ಇಲ್ಲ. ಮುದ್ರೆಯ ಚೀಲವನ್ನು ಬರಿಯ ನೆಲದ ಮೇಲೆ ಬಿಸಾಕಿ ಬರುವ ಧೈರ್ಯ ನಾಮದೇವನಿಗಲ್ಲ, ಯಾವ ಗಾರ್ಡಿಗೂ ಇರುವುದಿಲ್ಲ. ಸಹಿ ಇಲ್ಲದೆ ಚೀಲ ಬಿಟ್ಟರೆ ಜೈಲಿನ ಮಾತು. ಅವನು ಚೀಲವನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತಾನೆ. ಗಾಡಿ ಮುಂದೆ ಹೋಗುತ್ತದೆ. ಸೇಡಂ, ತಾಂಡೂರು, ಸಿಕಂದರಾಬಾದ್.

ಮಶಾಕ ಬಾಯಲ್ಲಿದ್ದ ಖಾರಿ ಉಗುಳಿ ಎದ್ದು ನಿಂತ. ನಾಲ್ಕು ತಾಸು ಉಳಿಸಲು ಹೋಗಿ ಔಷಧವನ್ನು ಊರಾಚೆಗೆ ಅಟ್ಟಿಬಿಟ್ಟಿದ್ದ, ತನ್ನ ಕೈಯಾರೆ.

ಆದರೆ ದಾರಿ ಇನ್ನೂ ಇತ್ತು. ಸೇಡಂನಲ್ಲಿ ಎಲ್ಲ ಗಾಡಿಗೂ ಟಪಾಲಿನವನು ನಿಂತಿರುತ್ತಾನೆ. ತಾನಾಗಿ ಅವನು ಬೇರೆ ಊರಿನ ಚೀಲ ಮುಟ್ಟುವುದಿಲ್ಲ, ಆದರೆ ಇಲ್ಲಿಂದ ಸ್ಟೇಶನ್ ಫೋನಿನಲ್ಲಿ ಒಂದು ಮಾತು ಹೇಳಿಸಿದರೆ ಚೀಲ ಇಳಿಸಿಕೊಂಡು ಮಧ್ಯಾಹ್ನ ಈ ಕಡೆ ಬರುವ ಗಾಡಿಗೆ ಹಾಕಬಲ್ಲ. ಗಾಡಿ ಇನ್ನೂ ಚಿತ್ತಾಪುರವನ್ನೂ ದಾಟಿರಲಿಕ್ಕಿಲ್ಲ. ಆದರೆ ಆ ಫೋನು ಮಾಡಿಸಬೇಕಾದವರು ಗುರುಲಿಂಗಪ್ಪ.

ಅವನು ಟಪಾಲು ಕೋಣೆಯ ಬಾಗಿಲಿಗೆ ಹೋಗಿ ನಿಂತ. ಗುರುಲಿಂಗಪ್ಪ ಮಡಿ ಧೋತ್ರ ಉಟ್ಟು, ಹೊಸ ವಿಭೂತಿ ಹಚ್ಚಿ ಕೂತು ಸೊಲ್ಲಾಪುರದ ಕಾಗದ ವಿಂಗಡಿಸುತ್ತಿದ್ದರು. ತಲೆ ಎತ್ತಿ ಕೇಳಿದರು:

"ಏನೋ?"

ಮುದ್ರೆಯ ಚೀಲ ಕದ್ದು ಗಾಡಿಗೆ ಹಾಕಿದವನನ್ನು ಯಾರು ಕಾಯಂ ಮಾಡುತ್ತಾರೆ? ಕಾಯಂ ಹಾಗಿರಲಿ, ಪೋಲೀಸರು ಬರುತ್ತಾರೆ.

"ಏನಿಲ್ರಿ" ಎಂದ.

ಆ 'ಏನಿಲ್ರಿ' ಅವನ ಬಾಯಿಂದ ಹೇಗೆ ಹೊರಟಿತೋ ಅವನಿಗೇ ತಿಳಿಯಲಿಲ್ಲ. ಹೊರಗೆ ಬಂದು ಬೇವಿನ ಮರಕ್ಕೆ ಒರಗಿ ನಿಂತ. ನಾಮದೇವ ಯಾರಿಗಾದರೂ ಕೊಟ್ಟಿರಬಹುದು, ಹೊನ್ನಗಟ್ಟಿಯ ಸ್ಟೇಶನ್ ಮಾಸ್ತರರೇ ಇಟ್ಟುಕೊಂಡಿರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತು. ಮತ್ತೊಮ್ಮೆ ಬಾಗಿಲಿಗೆ ಹೋದ, ಮತ್ತೊಮ್ಮೆ ತಿರುಗಿ ಬಂದ. ಆಪಾಳ ಗಲ್ಲದ ಬಿಳಿ ಬಟ್ಟೆ ಕಣ್ಣಿಗೆ ಕಟ್ಟಿತು. ಕೊನೆಗೆ ಒಳಗೆ ನುಗ್ಗಿ, ಗುರುಲಿಂಗಪ್ಪನ ಮೇಜಿನ ಕಾಲು ಹಿಡಿದು ಕುಸಿದು ಕೂತು ಎಲ್ಲ ಹೇಳಿದ.

ಗುರುಲಿಂಗಪ್ಪ ಬೈಯಲಿಲ್ಲ. ಎದ್ದು ಸ್ಟೇಶನ್ ಮಾಸ್ತರರ ಕೋಣೆಗೆ ಬರಿಗಾಲಲ್ಲೇ ಓಡಿದರು. ಫೋನ್ ಹಿಡಿದು ಕೂಗಿ ಮಾತಾಡಿದರು, ಕೇಳಿದರು, ಇಟ್ಟರು.

"ಸೇಡಂ ಈಗಷ್ಟೇ ಬಿಟ್ಟದಂತ. ಇನ್ನ ಸಿಕಂದರಾಬಾದ ಮುಟ್ಟೂತನಾ ಚೀಲ ಇಳಸ್ಕೊಳ್ಳೋರು ಇಲ್ಲ. ಆಗ ಬಂದು ನಿಂತಿದ್ಯಲ್ಲಾ ಬಾಗಲ್ದಾಗ, ಆಗ ಯಾಕ ಹೇಳ್ಲಿಲ್ಲೋ?"

ಮಶಾಕನಿಗೆ ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು ಅನಿಸಿತು.

ಚೀಲ ಸಿಕಂದರಾಬಾದಿಗೆ ಹೋಗಿ, ದಾರಿ ತಪ್ಪಿದ ಚೀಲ ಎಂದು ಚೀಟಿ ಅಂಟಿಸಿಕೊಂಡು, ಮರುದಿನ ಇಳಿಹೊತ್ತಿಗೆ ಹೊನ್ನಗಟ್ಟಿ ಮುಟ್ಟಿತು. ಮಶಾಕ ಮುಂಚೆಯೇ ಅಲ್ಲಿ ಹೋಗಿ ನಿಂತಿದ್ದ. ಡಾಕ್ಟರ್ ಶೀಶೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅದು ಎರಡು ದಿನದ ಬಿಸಿಲು ತಿಂದಿತ್ತು.

"ನಡೀತದ" ಎಂದರು. ಶೀಶೆ ಕೆಳಗಿಟ್ಟು, "ನಡೀಬೇಕು" ಎಂದರು.

ಹೊಟ್ಟೆಗೆ ಸೂಜಿ ಚುಚ್ಚುವಾಗ ಆಪಾ ಹಲ್ಲು ಕಚ್ಚಿ ಮಲಗಿದ್ದಳು. ಆಮೇಲೆ ಎದ್ದು ಕೂತು, ತಮ್ಮನ ತಲೆ ಸವರಿ ಡಾಕ್ಟರಿಗೆ ಹೇಳಿದಳು: "ನಮ್ಮ ಮಶಾಕ ಟಪಾಲದಾಗ ಅದಾನಂತ ಔಷಧ ಇಲ್ಲಿತನಾ ಬಂತು ನೋಡ್ರಿ. ಇಲ್ಲಂದ್ರ ನಮ್ಮಂಥೋರಿಗಿ ಯಾರು ತಂದು ಕೊಡ್ತಿದ್ರು?"

ಮಶಾಕ ಎದ್ದು ಹೊರಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಅತ್ತ.

ಸೂಜಿಗಳು ಮುಗಿದವು. ಗಾಯ ಮಾಯ್ದಿತು. ಮೃಗಶಿರ ಹೋಗಿ ಆರಿದ್ರ ಬಂತು, ತೊಗರಿ ಹೊಲ ಹಸಿರಾದವು. ಮಶಾಕನ ಹೆದರಿಕೆ ಮಾತ್ರ ಕಡಿಮೆಯಾಗಲಿಲ್ಲ. ಕಳೆದುಹೋದ ಆ ಒಂದು ದಿನ ಆಪಾಳ ಮೈಯೊಳಗೆ ಎಲ್ಲೋ ಕೂತು ಕಾಯುತ್ತಿದೆ ಎಂದೇ ಅವನ ನಂಬಿಕೆ. ಅವಳ ಊರಿಗೆ ಹೋದರೆ ಗಿಂಡಿಯ ಮೇಲೇ ಕಣ್ಣು. ಅವಳು ಊಟದ ನಡುವೆ ಕೆಮ್ಮಿದರೆ ಇವನ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಕನಸಿನಲ್ಲಿ ಆಪಾ ತುಂಬಿದ ಕೊಡ ನೋಡಿ ಚೀರುತ್ತಿದ್ದಳು. ಗುರುಲಿಂಗಪ್ಪ ಮೇಲಿನವರಿಗೆ ಬರೆಯಲಿಲ್ಲ, ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಅವರ ಮೌನಕ್ಕೂ ಅವನು ಹೆದರುತ್ತಿದ್ದ.

ಒಂದೇ ಸಮಾಧಾನವೆಂದರೆ ಆಪಾ ವಾರಕ್ಕೊಮ್ಮೆ ವಾಡಿಗೆ ಬರತೊಡಗಿದಳು. ಬಳೆ ಕೊಳ್ಳಲು ಅನ್ನುತ್ತಿದ್ದಳು. ಗಾಡಿ ಇಳಿದವಳೇ ಬುಟ್ಟಿ ಕೆಳಗಿಟ್ಟು ಪ್ಲಾಟ್‌ಫಾರ್ಮಿನ ನಲ್ಲಿಯ ಹತ್ತಿರ ಹೋಗಿ, ಬೊಗಸೆ ಒಡ್ಡಿ ಗಟಗಟ ಕುಡಿಯುವಳು. ಮಶಾಕ ಚೀಲ ಹೊತ್ತು ನಿಂತಲ್ಲೇ ನಿಂತು ನೋಡುವನು. ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡಿದ ಮೇಲೆ ಅವನಿಗೆ ಉಸಿರು ಬರುತ್ತಿತ್ತು.

ಡಾಕ್ಟರ್ ಹೇಳಿದ ಮೂರು ತಿಂಗಳು ಇನ್ನೇನು ತುಂಬಬೇಕು ಅನ್ನುವಾಗ ಆ ದಿನ ಬಂತು. ಹಿಂದಿನ ಸಂಜೆ ವಾಡಿಯಲ್ಲಿ ಮೋಡ ಕವಿದಿತ್ತು. ಮಶಾಕ ಬೆಳಿಗ್ಗೆ ಚಹಾ ಕುಡಿದು, ಚೀಲಗಳನ್ನು ಕೈಗಾಡಿಗೆ ಹೇರುತ್ತಿದ್ದಾಗ ಆಪಾ ಗಾಡಿಯಿಂದ ಇಳಿದಳು. ಬುಟ್ಟಿ ಕೆಳಗಿಟ್ಟಳು. ಆದರೆ ನಲ್ಲಿಯ ಕಡೆ ಹೋಗಲಿಲ್ಲ. ನಲ್ಲಿಗೆ ಬೆನ್ನು ಮಾಡಿ ದೂರದ ಬೆಂಚಿನ ಮೇಲೆ ಕೂತಳು.

ಮಶಾಕ ಕೈಯಲ್ಲಿದ್ದ ಚೀಲ ಬಿಟ್ಟು ಹತ್ತಿರ ಹೋದ. ಅವಳ ತುಟಿ ಒಣಗಿತ್ತು, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಮುಖ ಪಕ್ಕಕ್ಕೆ ತಿರುಗಿಸಿ ಉಗುಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಉಗುಳಿದಳು, ಎಂಜಲು ನುಂಗಲಾಗದವರ ಹಾಗೆ.

ಅವನು ಓಡಿ ಚೊಂಬು ತುಂಬಿ ತಂದ. ಚೊಂಬಿನ ನೀರು ಅವನ ಅಂಗಿಯ ಮೇಲೆಲ್ಲ ಚೆಲ್ಲಿತು.

"ಆಪಾ, ನೀರು."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಚೊಂಬನ್ನು ಕೈಯಿಂದ ದೂಡಿದಳು. "ಏ, ದೂರ ಇಡು ಅದನ್ನ! ನಿನಗ ಬುದ್ಧಿ ಅದನಿಲ್ಲೋ, ನೀರು ತಂದು ಮಾರಿ ಮುಂದ ಹಿಡೀತೀ?"

ಚೊಂಬು ಕಲ್ಲಿನ ಮೇಲೆ ಬಿದ್ದು ಉರುಳಿತು. ಮಶಾಕ ಅವಳ ಕಾಲ ಹತ್ತಿರ ಕುಸಿದು ಕೂತ. ಅವನಿಗೆ ಪ್ಲಾಟ್‌ಫಾರ್ಮ್ ಕಾಣಲಿಲ್ಲ, ಜನ ಕಾಣಲಿಲ್ಲ. ಅವಳ ಎರಡೂ ಪಾದ ಹಿಡಿದುಕೊಂಡು ಹಲುಬಿದ:

"ನಾನೇ ಕೊಂದೆ ಆಪಾ. ನಿನ್ನ ಔಷಧ ನಾನೇ ಬೆಳಗಿನ ಗಾಡೀಗಿ ಹಾಕಿದೆ. ಸೂಗಪ್ಪ ಇರಂಗಿಲ್ಲ ಅನ್ನೋದು ತಲ್ಯಾಗೇ ಬರ್ಲಿಲ್ಲ. ಬಂದ ಮ್ಯಾಲೂ ನೌಕ್ರಿ ಹೋದೀತಂತ ಬಾಯಿ ಮುಚ್ಕೊಂಡು ನಿಂತೆ. ಸೇಡಂದಾಗ ಇಳಸ್ಲಿಕ್ಕ ಬರ್ತಿತ್ತು. ನಾ ಹೇಳ್ಲಿಲ್ಲ, ಆಪಾ, ಏನಿಲ್ರಿ ಅಂದೆ."

ಅಮೀರ್‌ಬೀ ಅವನ ತಲೆಯನ್ನು ನೋಡುತ್ತ ಕೂತಳು. ಉರುಳಿದ ಚೊಂಬನ್ನೂ ನೋಡಿದಳು. ಅವಳಿಗೆ ಆಗ ತಿಳಿಯಿತು.

"ಹುಚ್ಚಾ" ಎಂದಳು ಮೆಲ್ಲಗೆ. "ನಾ ರೋಜಾ ಅದೀನಿ. ಹೊತ್ತು ಮುಳುಗೂತನಾ ನೀರಲ್ಲ, ಉಗುಳೂ ನುಂಗಂಗಿಲ್ಲ. ನಿನ್ನಿ ಸಂಜೀಗಿ ನಮ್ಮೂರಾಗ ಚಾಂದ್ ಕಂಡದ. ನಿಮಗ ಇಲ್ಲಿ ಕಾಣ್ಲಿಲ್ಲೇನು?"

ಮಶಾಕ ತಲೆ ಎತ್ತಿದ. ವಾಡಿಯ ಮೋಡದೊಳಗೆ ರಂಜಾನಿನ ಚಂದ್ರ ಕಂಡಿರಲಿಲ್ಲ. ಹೊನ್ನಗಟ್ಟಿಯಲ್ಲಿ ಕಂಡ ಸುದ್ದಿ ಇಲ್ಲಿಗೆ ಇನ್ನೂ ಬಂದಿರಲಿಲ್ಲ. ಅವನು ಅಳುತ್ತಲೇ ಇದ್ದ, ನಿಲ್ಲಿಸಲು ಬರಲಿಲ್ಲ.

"ಚೀಲ ತಪ್ಪು ಗಾಡೀಗಿ ಹಾಕಿದ್ದು ನನಗ ಅವತ್ತೇ ಗೊತ್ತು" ಎಂದಳು ಅವಳು. "ಗಾರ್ಡ್ ಚೀಲ ಹಿಡಕೊಂಡು, ಟಪಾಲಿನೋರು ಯಾರಾರ ಅದೀರೇನು ಅಂತ ಒದರಿದ್ದು ಇಡೀ ಸ್ಟೇಶನ್ ಕೇಳ್ಯಾದ. ಸೂಗಪ್ಪ ಬಂದು ಹೇಳಿದ. ಬಾಯಿ ಮುಚ್ಕೊಂಡು ನಿಂತಿದ್ದು ಮಾತ್ರ ಈಗ ಕೇಳಾಕತ್ತೀನಿ."

"ಗೊತ್ತಿದ್ದೂ ವಾರವಾರ ಬರ್ತಿದ್ದೆಲ್ಲ, ಬಳೀಗಿ?"

"ಬಳೆ ಸೇಡಂದಾಗ ಸಿಗಂಗಿಲ್ಲೇನೋ?" ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಅಂಜಿಕಿ ನಿನಗೊಬ್ಬನಿಗೇ ಅಂತ ತಿಳದೀದಿ. ಮನ್ಯಾಗ ಗಿಂಡಿ ಎತ್ತಿದ್ರ ನನ್ನ ಕೈ ಹೆಂಗ ನಡಗ್ತಾವ, ಯಾರಿಗಿ ತೋರಸ್ಲಿ? ಕಣ್ಣು ಮುಚ್ಕೊಂಡು ಒಂದೊಂದೇ ಗುಟುಕು ಕುಡೀತೀನಿ. ಹೊಟ್ಟಿ ತುಂಬ ಕುಡಿಯೋದು ಇಲ್ಲಿಗಿ ಬಂದಾಗಷ್ಟೇ. ಏನಾರ ಆದ್ರ ನೀ ಹಂತ್ಯಾಕ ಇರ್ತೀಯಲ್ಲ ಅಂತ ಬರ್ತಿದ್ದೆ."

ಮಶಾಕ ಅವಳ ಮುಖ ನೋಡಿದ. ಇಷ್ಟು ದಿನ ಗಂಟಲು ನೋಡಿದ್ದ, ಗಿಂಡಿ ನೋಡಿದ್ದ, ಆ ಮುಖವನ್ನು ನೋಡಿರಲಿಲ್ಲ.

ಅವಳು ಎದ್ದಳು. "ಬಾ, ಬಾಜೂಕ ನಿಂದ್ರು. ವಜೂ ಮಾಡ್ತೀನಿ, ಕೈ ಬಾಯಿ ತೊಳಕೋತೀನಿ. ಬಾಯಿ ಮುಕ್ಕಳಿಸಿದ್ರ ರೋಜಾ ಮುರಿಯಂಗಿಲ್ಲ."

ಇಬ್ಬರೂ ನಲ್ಲಿಯ ಹತ್ತಿರ ಹೋದರು. ಅವಳು ನಲ್ಲಿ ತಿರುಗಿಸಿದಳು. ನೀರು ಕಲ್ಲಿನ ಮೇಲೆ ಬಿದ್ದು ಸಿಡಿಯಿತು. ಕೈ ತೊಳೆದು ಬೊಗಸೆ ಒಡ್ಡಿದಳು. ಬೊಗಸೆ ನಡುಗುತ್ತಿತ್ತು. ಇಷ್ಟು ವಾರ ಅದು ನಡುಗಿರಬೇಕು, ದೂರ ನಿಂತವನಿಗೆ ಕಂಡಿರಲಿಲ್ಲ. ಮಶಾಕ ಕೆಳಗಿನಿಂದ ತನ್ನ ಎರಡೂ ಕೈ ಕೊಟ್ಟು ಆ ಬೊಗಸೆಯನ್ನು ಹಿಡಿದ. ಅವನ ಕೈಯೂ ನಡುಗುತ್ತಿತ್ತು. ಅವಳು ಬಗ್ಗಿ ನೀರನ್ನು ಬಾಯಿಗೆ ತೆಗೆದುಕೊಂಡಳು, ಮುಕ್ಕಳಿಸಿದಳು, ಉಗುಳಿದಳು. ಮತ್ತೆ ತೆಗೆದುಕೊಂಡಳು.

ಮದ್ರಾಸ್ ಕಡೆಯ ಗಾಡಿ ಸೀಟಿ ಹೊಡೆಯುತ್ತ ಒಳಗೆ ಬಂತು. ಟಪಾಲು ಕೋಣೆಯಿಂದ ಗುರುಲಿಂಗಪ್ಪ ಅವನ ಹೆಸರು ಹಿಡಿದು ಕೂಗಿದರು. ಆಪಾಳ ಬಾಯಲ್ಲಿ ಇನ್ನೂ ನೀರಿತ್ತು, ಹೋಗು ಎಂದು ಕಣ್ಣಲ್ಲೇ ಹೇಳಿದಳು. ಅವಳು ಅದನ್ನು ಉಗುಳುವವರೆಗೆ ಮಶಾಕ ಕೈ ಬಿಡಲಿಲ್ಲ.